ಅರಸನ ಕೊರಳಿಗೆ ಅಂಕಿಯ ಹಾರ

152207ನ್ನು 73ರಿಂದ ಗುಣಿಸಿ. ಮೊಬೈಲ್ ಬೇಡ, ಹಾಳೆಯ ಮೇಲೇ ಮಾಡಿ. ಮೂರರಿಂದ ಗುಣಿಸಿದರೆ 456621, ಎಪ್ಪತ್ತರಿಂದ ಗುಣಿಸಿದರೆ 10654490. ಎರಡನ್ನೂ ಕೂಡಿಸಿದರೆ 11111111!

ಇದು 9ನೇ ಶತಮಾನದ ಲೆಕ್ಕ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಗುಣಾಕಾರ ಕಲಿಸಲು ಕೊಟ್ಟದ್ದು. ಆ ದೊರೆಯ ರಾಜಧಾನಿ ಮಾನ್ಯಖೇಟವೆಂದರೆ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಮಹಾವೀರಾಚಾರ್ಯ ಅರಸರ ಕೊರಳ ಹಾರಕ್ಕೆ ಹೋಲಿಸಿದ. 139 × 109 = 15151 ಚಿಕ್ಕ ಹಾರ; 27994681 × 441 = 12345654321 ದೊಡ್ಡದು.

ಬರೀ ಚಮತ್ಕಾರ ಅನ್ನಬಹುದು. ಆದರೆ ಇಂಥ ಜೋಡಿ ಅದೃಷ್ಟದಿಂದ ಕೈಗೆ ಸಿಗುವುದಿಲ್ಲ. ಮೊದಲು ಹಾರ ಕಟ್ಟಿ, ಆಮೇಲೆ ಅದನ್ನು ಬಿಡಿಸಿರಬೇಕು ಎಂದು ನನ್ನ ಊಹೆ. ಎಂಟು ಒಂದುಗಳೆಂದರೆ 1111 × 10001. ಇದರಲ್ಲಿ 1111 ಎಂದರೆ 11 × 101. 10001 ಎಂದರೆ 73 × 137. ಆ 73ನ್ನು ಬದಿಗಿಟ್ಟು ಉಳಿದವನ್ನು ಗುಣಿಸಿದರೆ ಬರುವುದೇ 152207. ಚೆಲುವಿನ ಬೆನ್ನು ಹತ್ತಿದವನಿಗೆ ಸಂಖ್ಯೆಗಳ ಒಳಕಟ್ಟೇ ಸಿಕ್ಕಿತು. ವಿಜ್ಞಾನದಲ್ಲಿ ಸೌಂದರ್ಯಕ್ಕಿರುವ ಕೆಲಸ ಇದೇ: ಎಲ್ಲಿ ಅಗೆಯಬೇಕೆಂದು ತೋರಿಸುವುದು.

ಅಗೆದಲ್ಲೆಲ್ಲ ನೀರು ಸಿಗುತ್ತದೆಂದಲ್ಲ. ವೃತ್ತದ ಪರಿಧಿಯನ್ನು ವ್ಯಾಸದ ಕಾಲು ಭಾಗದಿಂದ ಗುಣಿಸಿದರೆ ಕ್ಷೇತ್ರಫಲ ಬರುತ್ತದೆ. ಅಂದವಾದ ಸೂತ್ರ, ಸತ್ಯವೂ ಹೌದು. ಮಹಾವೀರಾಚಾರ್ಯ ಅದೇ ಅಚ್ಚನ್ನು ದೀರ್ಘವೃತ್ತಕ್ಕೂ ಒತ್ತಿದ: ಪರಿಧಿ ಗುಣಿಸು ಅಗಲದ ಕಾಲು ಭಾಗ. ಉದ್ದ 36, ಅಗಲ 12 ಇದ್ದರೆ ಅವನ ನಿಯಮದ ಪರಿಧಿ ಸುಮಾರು 77.8. ಅದು ಸರಿಯಾದ 80.2ಕ್ಕೆ ಹತ್ತಿರವೇ. ಕ್ಷೇತ್ರಫಲ ಮಾತ್ರ 233 ಬರುತ್ತದೆ, ನಿಜವಾದದ್ದು 339. ಅದೇ ದೀರ್ಘವೃತ್ತದೊಳಗೆ ನಾಲ್ಕು ತುದಿ ಸೇರಿಸಿ ವಜ್ರಾಕೃತಿ ಎಳೆದರೆ ಅದೊಂದೇ 216 ಆಗುತ್ತದೆ. ಹೊರಗುಳಿದ ನಾಲ್ಕು ದೊಡ್ಡ ತುಣುಕುಗಳಿಗೆ ಬರೀ 17 ಸಾಲುತ್ತದೆಯೇ? ಚಿತ್ರ ಬರೆದು ನೋಡಿದ್ದರೆ ತಪ್ಪು ಕಣ್ಣಿಗೆ ಬೀಳುತ್ತಿತ್ತು.

ಸಮೀಕರಣ ಪ್ರಯೋಗಕ್ಕೆ ಹೊಂದುವುದಕ್ಕಿಂತ ಸುಂದರವಾಗಿರುವುದೇ ಮುಖ್ಯ ಎಂಬರ್ಥದ ಮಾತನ್ನು ಭೌತವಿಜ್ಞಾನಿ ಪಾಲ್ ಡಿರಾಕ್ 1963ರಲ್ಲಿ ಬರೆದಿದ್ದ. ಡಿರಾಕ್‌ನಂಥವನಿಗೆ ಅದು ಒಪ್ಪೀತು. ಉಳಿದವರು ಅಳೆದು ನೋಡುವುದೇ ಲೇಸು.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಗ್ಗಿ ಒಪ್ಪಿಸಿ ಬೇಸತ್ತ ಮಕ್ಕಳಿಗೆ 1ನ್ನು 137ರಿಂದ ಭಾಗಿಸಲು ಹೇಳಿ. 0.00729927 ಬಂದು, ಅದೇ ಎಂಟಂಕಿ ಮತ್ತೆ ಮತ್ತೆ ಸುತ್ತುತ್ತದೆ. 729927ನ್ನು ಹಿಂದಿನಿಂದಲೂ ಓದಿಸಿ. ಯಾಕೆ ಹೀಗೆ ಎಂದು ಅವರು ಕೇಳಿದರೆ, 10001ರಿಂದ ಶುರು ಮಾಡಿ.