ತರಂಗಾಂತರದ ಬೆಲೆ, ದನಿಯ ಮೌಲ್ಯ

ಅಮೆರಿಕದ ಓಹಾಯೊ ರಾಜ್ಯದಲ್ಲಿ ಆಕ್ಸ್‌ಫರ್ಡ್ ಎಂಬ ವಿಶ್ವವಿದ್ಯಾನಿಲಯದ ಊರೊಂದಿದೆ. ಅಲ್ಲಿನ ‘ಡಬ್ಲ್ಯು.ಓ.ಎಕ್ಸ್.ವೈ.’ ಎಫ್.ಎಂ. ಬಾನುಲಿ ಕೇಂದ್ರವು 1983ರಿಂದ ಆಲ್ಟರ್ನೇಟಿವ್ ರಾಕ್ ಸಂಗೀತಕ್ಕೆ ಮೀಸಲಾಗಿತ್ತು. ದೊಡ್ಡ ಕೇಂದ್ರಗಳು ಕಡೆಗಣಿಸಿದ ಹೊಸ ತಂಡಗಳನ್ನು ಅದರ ನಿರೂಪಕರು ಪರಿಚಯಿಸಿ, ನಿಷ್ಠಾವಂತ ಕೇಳುಗರನ್ನು ಗಳಿಸಿದ್ದರು. 1988ರ ‘ರೇನ್ ಮ್ಯಾನ್’ ಚಲನಚಿತ್ರದಲ್ಲಿಯೂ ಈ ಕೇಂದ್ರದ ಘೋಷವಾಕ್ಯ ಕೇಳಿಬರುತ್ತದೆ.

ಆದರೆ ಕೇಳುಗರ ನಿಷ್ಠೆ ಬೇರೆ, ಜಾಹೀರಾತಿನ ವರಮಾನ ಬೇರೆ. ಒಂದೇ ಸಂಸ್ಥೆಯು ದೇಶದಾದ್ಯಂತ ಹೊಂದಬಹುದಾದ ಕೇಂದ್ರಗಳ ಸಂಖ್ಯೆಗಿದ್ದ ಮಿತಿಯನ್ನು 1996ರ ದೂರಸಂಪರ್ಕ ಕಾಯ್ದೆಯು ತೆಗೆದುಹಾಕಿತು. ಬೃಹತ್ ಸಂಸ್ಥೆಗಳು ಖರೀದಿಗಿಳಿದವು. ಸಣ್ಣ ಮಾಲೀಕರ ಪಾಲಿಗೆ ಕಾರ್ಯಕ್ರಮದಿಂದ ಬರುವ ಲಾಭಕ್ಕಿಂತ ಪರವಾನಗಿಯ ಮಾರಾಟವೇ ಆಕರ್ಷಕವಾಯಿತು. 2004ರಲ್ಲಿ ಈ ಕೇಂದ್ರದ ತರಂಗಾಂತರವೂ ಮಾರಾಟವಾಯಿತು.

ನಿರೂಪಕರು ಅಂತರ್ಜಾಲದಲ್ಲಿ ಪ್ರಸಾರ ಮುಂದುವರಿಸಿದರು. ಅಲ್ಲಿ ಹೊಸ ಹೊರೆ ಕಾದಿತ್ತು. ಅಮೆರಿಕದಲ್ಲಿ ಗೋಪುರದ ಮೂಲಕ ಪ್ರಸಾರ ಮಾಡುವ ಕೇಂದ್ರವು ಧ್ವನಿಮುದ್ರಣದ ಒಡೆಯರಿಗೂ ಗಾಯಕರಿಗೂ ರಾಯಧನ ಕೊಡಬೇಕಿಲ್ಲ. ಅಂತರ್ಜಾಲ ಕೇಂದ್ರವು ಕೊಡಲೇಬೇಕು. ಸಾಮಾನ್ಯ ದರಪಟ್ಟಿಯಂತೆ, ಕೇಳುಗರು ಹೆಚ್ಚಿದಷ್ಟೂ ಈ ವೆಚ್ಚ ಹೆಚ್ಚುತ್ತದೆ. ಒಡೆತನ ಬದಲಾಗುತ್ತ ಸಾಗಿದ ಕೇಂದ್ರವು 2010ರ ಮಾರ್ಚ್‌ನಲ್ಲಿ ಸ್ತಬ್ಧವಾಯಿತು.

ಖರೀದಿಸಿದ ಪರವಾನಗಿಗೆ ಅಢಾವೆ ಪತ್ರಿಕೆಯಲ್ಲಿ ಸ್ಥಾನವಿದೆ. ನಿರೂಪಕನ ದನಿಯು ವರ್ಷಗಟ್ಟಲೆ ದುಡಿದು ಗಳಿಸಿದ ಕೀರ್ತಿಮೌಲ್ಯಕ್ಕೆ ಅಲ್ಲಿ ಸ್ಥಾನವಿಲ್ಲ. ಲೆಕ್ಕದಲ್ಲಿ ಕಾಣದ ಇಂತಹ ಆಸ್ತಿಯೇ ಎಷ್ಟೋ ವ್ಯವಹಾರಗಳ ಜೀವಾಳ. ಅದನ್ನು ಕೈಬಿಡುವ ಮುನ್ನ, ಉಳಿಯುವುದೇನೆಂದು ಮಾಲೀಕರು ಲೆಕ್ಕಹಾಕಿ ನೋಡುವುದೊಳಿತು.