ಸತ್ತ ಹೃದಯದ ಕೋಶ ಮತ್ತೆ ಯಾಕೆ ಹುಟ್ಟಲ್ಲ?

ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ವಿಧಾನಸೌಧ ಎಲ್ಲಿಗೂ ಓಡಿ ಹೋಗಲ್ಲ.

ನಮ್ಮ ಸ್ಟುಡಿಯೋದ ಒಬ್ಬ ಹುಡುಗನ ವಿಷಯ ಹೇಳ್ತೀನಿ. ಹುಡುಗ ಅಂದ್ರೆ ವಯಸ್ಸು 41. ಹೆಸರು ಬೇಡ. ರಾತ್ರಿ 9ರ ಬುಲೆಟಿನ್ ಮುಗಿಸಿ ಹೊರಗೆ ಬಂದೆ, ಎದೆ ಉಜ್ಜಿಕೊಳ್ತಾ ನಿಂತಿದ್ದ. "ಏನೋ?" ಅಂದೆ. "ಗ್ಯಾಸ್ಟ್ರಿಕ್ ಅಣ್ಣ, ಮಧ್ಯಾಹ್ನ ಬಿರಿಯಾನಿ ತಿಂದಿದ್ದೆ" ಅಂದ. ಡ್ರಾಯರ್‌ನಲ್ಲಿದ್ದ ಗ್ಯಾಸ್ ಮಾತ್ರೆ ಕೊಟ್ಟು, ಮನೆಗೆ ಹೋಗಿ ಮಲಗು ಅಂದವನು ನಾನೇ. ಅವನು ಆಸ್ಪತ್ರೆ ಮುಟ್ಟಿದ್ದು ಬೆಳಗಿನ ಜಾವ 4ಕ್ಕೆ. ಬದುಕಿದ, ಸ್ಟೆಂಟ್ ಹಾಕಿದ್ರು. ಆದರೆ ಎಕೋ ರಿಪೋರ್ಟ್‌ನಲ್ಲಿ ಹೃದಯದ ಪಂಪಿಂಗ್ 35 ಪರ್ಸೆಂಟ್ ಅಂತ ಬಂತು. ಗಾಬರಿ ಬೀಳಬೇಡಿ, ಇದು ಯಾರಿಗೂ 100 ಇರಲ್ಲ; 55ರ ಮೇಲಿದ್ರೆ ಚೆನ್ನಾಗಿದೆ ಅಂತ ಲೆಕ್ಕ. 35 ಅಂದ್ರೆ ಚೆನ್ನಾಗಿಲ್ಲ.

ನಾನು ಡಾಕ್ಟರನ್ನ ಕೇಳಿದೆ: ಕೈ ಕುಯ್ದುಕೊಂಡ್ರೆ ಮಾಯುತ್ತೆ, ಮೂಳೆ ಮುರಿದ್ರೆ ಕೂಡುತ್ತೆ, ಹೃದಯ ಯಾಕೆ ಮಾಯಲ್ಲ ಸಾರ್? ಅವರು ಅರ್ಧ ಗಂಟೆ ಕೂತು ಹೇಳಿದ್ರು. ಆಮೇಲೆ ನಾನೂ ಒಂದಷ್ಟು ಓದಿದೆ.

ಶಾಲೆಯಲ್ಲಿ ಈರುಳ್ಳಿ ಪೊರೆಯನ್ನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದು ನೆನಪಿದೆಯಾ? ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತಿದ್ದವಲ್ಲ, ಅವೇ ಜೀವಕೋಶಗಳು. ಒಂದೇ ಬಗೆಯ ಕೆಲಸಕ್ಕೆ ಸೇರಿಕೊಂಡ ಕೋಶಗಳ ಗುಂಪು ಅಂಗಾಂಶ. ನಮ್ಮ ದೇಹದಲ್ಲಿ ಮುಖ್ಯವಾಗಿ ನಾಲ್ಕು ಬಗೆ: ಹೊದಿಕೆಯದ್ದು, ಜೋಡಿಸುವಂಥದ್ದು, ಸ್ನಾಯು, ನರ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತುಬಿಟ್ವಿ. ಇವು ಒಂದೊಂದೂ ಒಂದೊಂದು ವೇಗದಲ್ಲಿ ಹೊಸದಾಗುತ್ತವೆ ಅನ್ನೋದನ್ನ ನನಗಂತೂ ಯಾವ ಮೇಷ್ಟ್ರೂ ಒತ್ತಿ ಹೇಳಿರಲಿಲ್ಲ. ಕರುಳಿನ ಒಳಪದರದ ಕೋಶ ನಾಲ್ಕೈದು ದಿನಕ್ಕೆ ಬದಲು. ಕೆಂಪು ರಕ್ತಕಣ ಸುಮಾರು 120 ದಿನ. ಲಿವರ್‌ನ ಒಂದು ಭಾಗ ಕತ್ತರಿಸಿ ದಾನ ಮಾಡಿದ್ರೂ ಉಳಿದದ್ದು ಬೆಳೆದುಕೊಳ್ಳುತ್ತೆ.

ಹೃದಯದ ಸ್ನಾಯುಕೋಶಕ್ಕೆ ಈ ಭಾಗ್ಯ ಇಲ್ಲ. ಅದರ ಒಳಗೆ ಕುಗ್ಗಿ ಹಿಗ್ಗುವ ಎಳೆಗಳನ್ನ ಒತ್ತೊತ್ತಾಗಿ ತುಂಬಿದೆ. ಒಳಜಾಗದ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮೈಟೊಕಾಂಡ್ರಿಯಾಗೇ ಹೋಗುತ್ತೆ, ಅಂದ್ರೆ ಕೋಶದೊಳಗಿನ ಪವರ್ ಹೌಸ್‌ಗೆ. ಒಂದು ಕೋಶ ಪಕ್ಕದ ಕೋಶಕ್ಕೆ ಬೆಸೆದುಕೊಂಡಿದೆ. ಬೆಸುಗೆಯಲ್ಲಿ ಸಣ್ಣ ಕಿಂಡಿಗಳು, ಅದರ ಮೂಲಕ ವಿದ್ಯುತ್ ಸಂಕೇತ ದಾಟುತ್ತೆ. ಅದಕ್ಕೇ ಕೋಟಿಗಟ್ಟಲೆ ಕೋಶ ಒಟ್ಟಿಗೆ ಮಿಡಿಯೋದು, ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಕೋಶ ಒಡೆದು ಎರಡಾಗಬೇಕಾದ್ರೆ ಈ ಎಳೆಗಳನ್ನೆಲ್ಲ ಬಿಚ್ಚಬೇಕು. ಓಡ್ತಿರೋ ಬಸ್ಸಿನ ಎಂಜಿನ್ ಬಿಚ್ಚೋಕಾಗುತ್ತಾ? ಹುಟ್ಟಿದ ಸ್ವಲ್ಪ ದಿನಕ್ಕೇ ಈ ಕೋಶಗಳು ಬಹುಪಾಲು ಆ ಶಕ್ತಿಯನ್ನ ಬಿಟ್ಟುಕೊಡುತ್ತವೆ.

ಬಹುಪಾಲು ಅಂದೆ, ಪೂರ್ತಿ ಅಲ್ಲ. ಇದನ್ನ ಅಳೆದ ರೀತಿ ನನಗೆ ಬಹಳ ಇಷ್ಟವಾಯ್ತು. 1950ರ ದಶಕದಲ್ಲಿ, 60ರ ದಶಕದ ಆರಂಭದಲ್ಲಿ ದೊಡ್ಡ ದೇಶಗಳು ಬಯಲಲ್ಲೇ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡ್ತಿದ್ವಲ್ಲ, ಆಗ ಗಾಳಿಯಲ್ಲಿ ಕಾರ್ಬನ್-14 ಏರಿತು. 1963ರ ಒಪ್ಪಂದದ ನಂತರ ಇಳೀತಾ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಅನ್ನಕ್ಕೆ, ಅನ್ನದಿಂದ ನಮ್ಮ ಡಿಎನ್‌ಎಗೆ. ಕೋಶ ಹುಟ್ಟಿದಾಗ ಗಾಳಿಯಲ್ಲಿ ಎಷ್ಟಿತ್ತೋ ಅದರ ಗುರುತು ಅದರಲ್ಲೇ ಉಳಿಯುತ್ತೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ತಂಡ 2009ರಲ್ಲಿ ಈ ಗುರುತು ಹಿಡಿದು ಹೃದಯದ ಕೋಶಗಳ ವಯಸ್ಸು ಲೆಕ್ಕ ಹಾಕಿತು. 25ನೇ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಕೋಶ ಹೊಸದಾಗುತ್ತೆ. 75ರ ಹೊತ್ತಿಗೆ ಅದು ಅರ್ಧಕ್ಕೂ ಕಡಿಮೆ. ಬಾಂಬ್ ಹಾಕಿದವರು ಇಂಥ ಉಪಯೋಗ ಕನಸಲ್ಲೂ ಎಣಿಸಿರಲಿಕ್ಕಿಲ್ಲ!

ವರ್ಷಕ್ಕೆ ಶೇ. 1 ಇಟ್ಕೊಂಡು ಹಾರ್ಟ್ ಅಟ್ಯಾಕ್ ಸಂಭಾಳಿಸೋಕಾಗಲ್ಲ. ರಕ್ತನಾಳ ಪೂರ್ತಿ ಕಟ್ಟಿಕೊಂಡ ಸುಮಾರು 20 ನಿಮಿಷದ ಮೇಲೆ ಕೋಶಗಳು ಸಾಯೋಕೆ ಶುರು. ಗೋಡೆಯ ಒಳಪದರ ಮೊದಲು, ಆಮೇಲೆ ಗಂಟೆಗಟ್ಟಲೆ ಹೊರಕ್ಕೆ ಹಬ್ಬುತ್ತೆ. ಸತ್ತ ಜಾಗಕ್ಕೆ ಜೋಡಿಸುವ ಅಂಗಾಂಶ ಬಂದು ಕೂರುತ್ತೆ. ಗೋಡೆ ಹರಿಯದ ಹಾಗೆ ಹಾಕಿದ ತೇಪೆ ಅದು. ಗಟ್ಟಿ ಇರುತ್ತೆ, ಆದರೆ ಮಿಡಿಯಲ್ಲ. ನಮ್ಮ ಹುಡುಗ ಕಳೆದುಕೊಂಡದ್ದು ರಾತ್ರಿ 10ರಿಂದ 4ರ ನಡುವೆ.

"ಗ್ಯಾಸಾ, ಹಾರ್ಟಾ, ಮನೆಯಲ್ಲೇ ಗೊತ್ತು ಮಾಡ್ಕೊಳ್ಳೋದು ಹೇಗೆ?" ಅಂತ ಕೇಳ್ತೀರಿ. ಆಗಲ್ಲ ಸ್ವಾಮಿ. ತೇಗು ಬಂತು, ಹಾಗಾಗಿ ಗ್ಯಾಸೇ ಅನ್ನೋ ವೈದ್ಯಶಾಸ್ತ್ರ ಬಿಡಿ. ಇಸಿಜಿಗೆ ಕೆಲವೇ ನಿಮಿಷ ಸಾಕು. ಅದರಲ್ಲೂ ಕೆಲವೊಮ್ಮೆ ಕಾಣಿಸಲ್ಲ. ಆಗ ಟ್ರೊಪೊನಿನ್ ರಕ್ತಪರೀಕ್ಷೆ. ಟ್ರೊಪೊನಿನ್ ಅನ್ನೋದು ಆ ಎಳೆಗಳಲ್ಲೇ ಇರುವ ಪ್ರೋಟೀನ್, ಕೋಶ ಒಡೆದಾಗ ರಕ್ತಕ್ಕೆ ಸೋರುತ್ತೆ. ಸೋರೋಕೆ ಹೊತ್ತು ಬೇಕು, ಅದಕ್ಕೇ ಡಾಕ್ಟರು ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ರಕ್ತ ತೆಗೀತಾರೆ. ದುಡ್ಡು ಕೀಳೋಕೆ ಅಂತ ಜಗಳ ಆಡಬೇಡಿ. 2021ರ ಅಕ್ಟೋಬರ್ 29ರಂದು ಅಪ್ಪು ಹೋದರು, 46 ವರ್ಷಕ್ಕೆ. ಅವರ ಹೆಸರಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡೋದು ಅದರ ಉದ್ದೇಶ. ಬೆಂಗಳೂರಿಗೆ ಕಾರು ಮಾಡ್ಕೊಂಡು ಹೊರಡೋ ಮೊದಲು ಅಲ್ಲಿಗೆ ಹೋಗಿ.

ನಮ್ಮ ಹುಡುಗ ಮೂರು ತಿಂಗಳಿಗೆ ಕೆಲಸಕ್ಕೆ ಬಂದ. ಈಗ ಹಗಲು ಪಾಳಿ, ಮೆಟ್ಟಿಲು ಹತ್ತಲ್ಲ. ನನ್ನ ಮೇಲೆ ಕೋಪ ಇಲ್ಲ ಅಂತಾನೆ. ಡ್ರಾಯರ್‌ನಲ್ಲಿ ಮಾತ್ರೆ ಈಗಲೂ ಇದೆ, ಆದರೆ ಯಾರಾದ್ರೂ ಎದೆ ಉಜ್ಜಿಕೊಂಡು ಬಂದ್ರೆ ಮೊದಲು ಆಫೀಸ್ ಗಾಡಿಯಲ್ಲಿ ಇಸಿಜಿಗೆ ಕಳಿಸ್ತೀನಿ. ಇದುವರೆಗೆ ಇಬ್ಬರು ಹೋಗಿ ಬಂದ್ರು, ಇಬ್ಬರಿಗೂ ಏನೂ ಇರಲಿಲ್ಲ. "ಅಣ್ಣ, ಸುಮ್ನೆ ದುಡ್ಡು ದಂಡ ಮಾಡಿಸಿದ್ರಿ" ಅಂತ ಬೈಕೊಳ್ತಾರೆ. ಬೈಕೊಳ್ಳಲಿ ಬಿಡಿ.