ಸಭೆಗೆ ಬರಲಾಗದೆಂದು ಹೇಳುವ ಬಗೆ



ಸಂಘದ ಕಾರ್ಯದರ್ಶಿಯಾದವನು ಸದಸ್ಯರಿಗೆ ಸಾಮಾನ್ಯವಾಗಿ ಬರೆಯುವುದು ‘ಸಭೆಗೆ ತಪ್ಪದೆ ಬನ್ನಿ’ ಎಂದು. ಈ ಸಲ ಅದಕ್ಕೆ ವಿರುದ್ಧವಾದ ಮಾತನ್ನು ಬರೆಯುತ್ತಿದ್ದೇನೆ. ಪ್ರಯೋಜನವಿಲ್ಲದ ಸಭೆಗೆ ಬರಲಾಗದೆಂದು ಮರ್ಯಾದೆಯಿಂದ ಹೇಳುವುದನ್ನು ನಾವು ಕಲಿಯಬೇಕಾಗಿದೆ.

ಸಂಘದ ಸಭೆ, ಉಪಸಮಿತಿಯ ಸಭೆ, ದೇವಸ್ಥಾನದ ಸಮಿತಿ, ಶಾಲೆಯ ಸಮಿತಿ, ಔಷಧಿ ಕಂಪೆನಿಯವರ ಪ್ರಾತ್ಯಕ್ಷಿಕೆ, ಯಾರದೋ ಸನ್ಮಾನದ ಪೂರ್ವಭಾವಿ ಸಭೆ, ಹೀಗೆ ಕರೆಗಳಿಗೆ ಕೊನೆಯಿಲ್ಲ. ಈಗಂತೂ ಮೊಬೈಲಿನಲ್ಲಿ ಒಂದು ಸಾಲು ಬರೆದರೆ ಸಾಕು, ನಾಳೆಯೇ ಸಭೆ. ಹತ್ತೂವರೆಗೆ ಕರೆದದ್ದು ಹನ್ನೆರಡಕ್ಕೆ ಆರಂಭವಾಗಿ, ಊಟ ಮುಗಿಸಿ ಮನೆ ಸೇರುವಾಗ ಆಳುಗಳು ಕತ್ತಿ ತೊಳೆದಿಟ್ಟಿರುತ್ತಾರೆ.

ದೊಡ್ಡ ಎಸ್ಟೇಟಿನಲ್ಲಿ ರೈಟರು, ಮೇಸ್ತ್ರಿ ಇರುತ್ತಾರೆ. ಎರಡು ಮೂರು ಎಕರೆಯವನಿಗೆ ರೈಟರೂ ಅವನೇ, ಮೇಸ್ತ್ರಿಯೂ ಅವನೇ. ಅಲ್ಲದೆ ಕಾಫಿಯನ್ನು ಮಂಡಳಿಯ ಪೂಲಿಗೆ ಹಾಕಿದರೆ ಮಾರಾಟದ ಚಿಂತೆ ತಪ್ಪುತ್ತಿದ್ದ ಕಾಲವೂ 1990ರ ದಶಕದ ಮಧ್ಯಭಾಗಕ್ಕೆ ಮುಗಿಯಿತು. ಧಾರಣೆ ವಿಚಾರಿಸುವುದು, ಮಾರುವ ಹೊತ್ತು ನಿರ್ಧರಿಸುವುದು ಸಹ ಈಗ ಬೆಳೆಗಾರನ ತಲೆಯ ಮೇಲೆಯೇ ಇದೆ.

ಕಾಯದ ಕೆಲಸಗಳು

ತೋಟದ ಕೆಲವು ಕೆಲಸಗಳು ನಾಲ್ಕು ದಿನ ಮುಂದೆ ಹೋದರೂ ನಡೆಯುತ್ತವೆ. ಕೆಲವು ಕಾಯುವುದಿಲ್ಲ. ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಮೈಸೂರು ಸಂಸ್ಥಾನದಲ್ಲಿ ಡಾ. ಕೋಲ್ಮನ್ ಅವರು ಈ ರೋಗದ ಮೇಲೆ ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದ ಇಂದಿನವರೆಗೂ ಬೋರ್ಡೋ ದ್ರಾವಣವೇ ನಮಗೆ ಆಧಾರ. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮೊದಲೇ ಆಗಬೇಕು, ಎರಡನೆಯದು ಸುಮಾರು 40ರಿಂದ 45 ದಿನಗಳ ಮೇಲೆ. ಕಲಸಿದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಮರ ಹತ್ತುವವರು ಸಿಕ್ಕ ದಿನ, ಮಳೆ ಬಿಡುವು ಕೊಟ್ಟ ದಿನ, ಇವೆರಡೂ ಕೂಡಿ ಬರುವುದೇ ಅಪರೂಪ. ಆ ದಿನ ಯಜಮಾನ ಸಭೆಯಲ್ಲಿ ಕುಳಿತರೆ ಮುಂದೆ ಉದುರಿದ ಕಾಯನ್ನು ಯಾವ ಠರಾವೂ ಮರಕ್ಕೆ ಹತ್ತಿಸದು.

ಕಾಫಿಯಲ್ಲೂ ಹಾಗೆಯೇ. ಅರೇಬಿಕಾದ ಬಿಳಿ ಕಾಂಡಕೊರಕದ ದುಂಬಿ ಹೊರಬೀಳುವುದು ಏಪ್ರಿಲ್–ಮೇ ಹಾಗೂ ಅಕ್ಟೋಬರ್ ನಂತರದ ತಿಂಗಳುಗಳಲ್ಲಿ. ಹುಳು ಬಿದ್ದ ಗಿಡಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲೇ ಗುರುತಿಸಿ ಕಿತ್ತು ಸುಡಬೇಕು. ಸಾಲು ಸಾಲಾಗಿ ನಡೆದು ಕಾಂಡದ ಮೇಲಿನ ಉಬ್ಬುಗೆರೆ ನೋಡುವ ಈ ಕೆಲಸಕ್ಕೆ ನೆಮ್ಮದಿಯ ಮನಸ್ಸು ಬೇಕು, ಮಧ್ಯೆ ಮಧ್ಯೆ ಎದ್ದು ಹೋಗುವವನಿಂದ ಆಗದು. ರೊಬಸ್ಟಾಕ್ಕೆ ಹೂಮಳೆ ಬಾರದಿದ್ದರೆ ತ್ರೀಫೇಸ್ ವಿದ್ಯುತ್ ಬಂದ ಹೊತ್ತೇ ಸ್ಪ್ರಿಂಕ್ಲರಿನ ಹೊತ್ತು. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ಗುಣ ಕೆಡುತ್ತದೆ.

ಯಾವುದಕ್ಕೆ ಹೋಗಬೇಕು?

ಹಾಗೆಂದು ಎಲ್ಲ ಸಭೆಗೂ ಬೆನ್ನು ತಿರುಗಿಸುವುದು ಸಹಕಾರಿಗೆ ತಕ್ಕುದಲ್ಲ. ಸದಸ್ಯರು ಬಾರದ ಸಂಘದಲ್ಲಿ ಮೂರು ಜನ ಕುಳಿತು ಮುನ್ನೂರು ಜನರ ಹಣೆಬರಹ ಬರೆಯುತ್ತಾರೆ. ವಾರ್ಷಿಕ ಮಹಾಸಭೆಯನ್ನು ಯಾರೂ ತಪ್ಪಿಸಬಾರದು. ಲೆಕ್ಕಪತ್ರ, ಲಾಭದ ವಿಲೇವಾರಿ ಅಲ್ಲಿಗೇ ಬರುತ್ತದೆ. 

ಉಳಿದ ಸಭೆಗಳಿಗೆ ಮೂರು ಪ್ರಶ್ನೆ ಹಾಕಿಕೊಳ್ಳಿ. ಒಂದು, ಅಲ್ಲಿ ಏನಾದರೂ ತೀರ್ಮಾನವಾಗಲಿದೆಯೇ? ಎರಡು, ಆ ತೀರ್ಮಾನಕ್ಕೆ ನನ್ನ ಮಾತು ಬೇಕೇ? ಮೂರು, ಅದೇ ಮಾತನ್ನು ಕಾಗದದಲ್ಲೋ ಫೋನಿನಲ್ಲೋ ಹೇಳಿದರೆ ಸಾಲದೇ? ಮೊದಲ ಎರಡಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ತೋಟದಲ್ಲಿರುವುದೇ ಸರಿ. ಮೂರನೆಯದಕ್ಕೆ ‘ಸಾಕು’ ಎಂದಾದರೆ ಬರೆದು ಕಳುಹಿಸಿ.

ಹೇಳುವುದು ಹೇಗೆ?

ಹಳ್ಳಿಯಲ್ಲಿ ಕಷ್ಟವಿರುವುದು ಇಲ್ಲಿಯೇ. ಬರಲಾಗದೆಂದರೆ ‘ಈಗ ದೊಡ್ಡಸ್ತಿಕೆ ಬಂತು’ ಎನ್ನುವವರಿದ್ದಾರೆ. ನಾಳೆ ಅವರ ಮನೆಯ ಮದುವೆಗೂ ಹೋಗಬೇಕು, ಅವರ ಗದ್ದೆಯ ಬದಿಯಲ್ಲೇ ನಮ್ಮ ನೀರೂ ಹರಿಯಬೇಕು. ಆದುದರಿಂದ ಮಾತು ಮೆತ್ತಗಿರಲಿ, ಆದರೆ ಸ್ಪಷ್ಟವಾಗಿರಲಿ.

ಮೊದಲನೆಯದಾಗಿ, ಕರೆ ಬಂದ ದಿನವೇ ಹೇಳಬೇಕು. ‘ನೋಡೋಣ’ ಎಂದು ಆಸೆ ತೋರಿಸಿ ಕೊನೆಗೆ ಹೋಗದಿರುವುದು ‘ಇಲ್ಲ’ ಎನ್ನುವುದಕ್ಕಿಂತ ಹೆಚ್ಚು ನೋಯಿಸುತ್ತದೆ, ಕೋರಂ ಲೆಕ್ಕವನ್ನೂ ಕೆಡಿಸುತ್ತದೆ. ಎರಡನೆಯದಾಗಿ, ಜ್ವರ, ನೆಂಟರು ಎಂಬ ನೆಪ ಬೇಡ. ತೋಟದ ಕೆಲಸವೇ ಮರ್ಯಾದೆಯ ಕಾರಣ. ಮೂರನೆಯದಾಗಿ, ಬರಿಗೈಯಲ್ಲಿ ‘ಇಲ್ಲ’ ಎನ್ನದೆ ಬದಲಿಗೆ ಏನನ್ನಾದರೂ ಕೊಡಬೇಕು. ಉದಾಹರಣೆಗೆ: ‘ಕರೆದದ್ದು ಸಂತೋಷ. ಮಂಗಳವಾರ ಔಷಧಿ ಹೊಡೆಯಲು ಜನ ಬರುತ್ತಾರೆ, ಆ ದಿನ ನನ್ನಿಂದಾಗದು. ರಸ್ತೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬರೆದು ಕಳುಹಿಸಿದ್ದೇನೆ. ಬಹುಮತದ ತೀರ್ಮಾನಕ್ಕೆ ನನ್ನ ಒಪ್ಪಿಗೆಯಿದೆ.’ ಹೀಗೆಂದವರನ್ನು ದೂರುವವರು ಕಡಿಮೆ. ಆದರೆ ಒಪ್ಪಿದ ಮೇಲೆ ಆ ತೀರ್ಮಾನವನ್ನು ಜಗಲಿಯಲ್ಲಿ ಕುಳಿತು ಟೀಕಿಸಕೂಡದು.

ಕರೆಯುವವರಿಗೂ ಎರಡು ಮಾತು

ಹತ್ತು ಮಂದಿಯ ಹುಲ್ಲು ಒಬ್ಬನ ಹೊರೆ ಎಂಬ ಗಾದೆಯನ್ನು ನಾವು ಸಹಕಾರಕ್ಕೆ ಹೇಳುತ್ತೇವೆ. ಕಾಲಕ್ಕೂ ಅದು ಸಲ್ಲುತ್ತದೆ. ಇಪ್ಪತ್ತು ಜನರನ್ನು ಅರ್ಧ ದಿನ ಕೂರಿಸಿದರೆ ಹತ್ತು ಆಳಿನ ದಿನ ಹೋಯಿತು. ಅಷ್ಟು ಕೂಲಿ ಕೊಟ್ಟು ಈ ಸಭೆ ಮಾಡುತ್ತಿದ್ದೆವೇ ಎಂದು ಕರೆಯುವ ಮುನ್ನ ಯೋಚಿಸಬೇಕು. ವಿಷಯಪಟ್ಟಿಯಿಲ್ಲದೆ ಸಭೆ ಕರೆಯಬಾರದು. ಕರೆದರೆ ಹೊತ್ತಿಗೆ ಆರಂಭಿಸಿ ಹೊತ್ತಿಗೆ ಮುಗಿಸಬೇಕು. ಮೇ ಕೊನೆಯಲ್ಲಿ, ಜುಲೈ ಸಿಂಪರಣೆಯ ವಾರಗಳಲ್ಲಿ, ಕೊಯ್ಲಿನ ತಿಂಗಳುಗಳಲ್ಲಿ ಅಗತ್ಯವಿದ್ದರೆ ಮಾತ್ರ, ಅದೂ ಸಂಜೆಯ ಮೇಲೆ.

ಕಾರ್ಯದರ್ಶಿಯಾದ ನನಗೂ ಈ ನಿಯಮ ಅನ್ವಯಿಸುತ್ತದೆ. ನಮ್ಮ ಸಂಘದ ನೋಟೀಸಿನಲ್ಲಿ ವಿಷಯಪಟ್ಟಿಯೂ ಮುಗಿಯುವ ಹೊತ್ತೂ ಕಾಣದಿದ್ದರೆ, ಬರಲಾಗದೆಂದು ಸದಸ್ಯರು ನನಗೆ ಧಾರಾಳವಾಗಿ ಬರೆಯಬಹುದು.